ಎಡಗಡೆಯ ಹೂ

ಚಲುವ, ಆ ಹೂ ಅಮ್ಮ ಕೊಟ್ಟದ್ದಲ್ಲ. ಎಡಗಡೆಯ ಹೂ ಬೀಳದ ಹಾಗೆ ಮಾಡಿದವನು ನಾನು — ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ನಿಂಗ, ಈಗ ನಮ್ಮೂರ ಅಮ್ಮನ ಗುಡಿಯ ಪೂಜಾರಿ ನಿಂಗರಾಜು. ನೀನು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದೆ. ನನ್ನ ಎರಡು ಬೆರಳಿನ ತುದಿಯಲ್ಲಿ ಗಂಧ ಇತ್ತು. ಅದನ್ನು ಹಚ್ಚಿ ಎಡಗಡೆಯ ಹೂವನ್ನು ಅಮ್ಮನ ಕಲ್ಲಿಗೆ ಒತ್ತಿದೆ. ಬಲಗಡೆಯದಕ್ಕೆ ಬರೀ ನೀರು. ಬಲಗಡೆಯದು ಬಿತ್ತು, ನೀನು ಜೆಟ್ ವಿಮಾನ ಕೊಂಡೆ.

ಈ ನಾಲ್ಕು ಸಾಲು ಬರೆಯುವುದಕ್ಕೆ ಮೂರು ವರ್ಷ ಹಿಡಿಯಿತು. ಯಾಕೆ ಮಾಡಿದೆ ಎಂದು ನೀನು ಕೇಳುತ್ತೀಯ. ನಾನೂ ಕೇಳಿಕೊಂಡಿದ್ದೇನೆ — ಒಂದೊಂದು ದಿನ ಒಂದೊಂದು ಉತ್ತರ ಸಿಗುತ್ತದೆ, ಮಾರನೆಯ ದಿನ ಅದು ಸುಳ್ಳು ಎನ್ನಿಸುತ್ತದೆ. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಹಾಗೆ ಬರೆದರೆ ನನ್ನ ಕೈ ಎಲ್ಲಿ ಜಾರಿತು ಎಂಬುದು ನನಗಾದರೂ ಕಂಡೀತು. ಬೇಜಾರು ಮಾಡಿಕೊಳ್ಳದೆ ಪೂರ್ತಿ ಓದು. ಪೂರ್ತಿ ಓದಬೇಕಾದ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಯಿಂದ ಹೊಗೆಸೊಪ್ಪಿನ ಬೇಲು ಹೊರುವ ಒಂದು ಹಳೇ ಲಾರಿಯಿಂದ ಶುರು ಮಾಡಿದವನು ನೀನು. ಈಗ ಯಾವ ಯಾವ ಊರಲ್ಲಿ ನಿನ್ನ ಗೋದಾಮುಗಳಿವೆ ಎಂದು ನನಗೆ ತಿಳಿಯದು. ಗುರುಪುರದ ಆಚೆಗಿನ ನಮ್ಮ ಸಣ್ಣ ಊರಿಗೆ ಅದೊಂದು ಹೆಮ್ಮೆ. ನನಗೂ ಹೆಮ್ಮೆಯೇ, 'ನಮ್ಮ ಚಲುವ' ಎಂದು ನಾನು ಹೇಳಿಕೊಳ್ಳದ ಬಸ್‌ಸ್ಟ್ಯಾಂಡ್ ಈ ಸೀಮೆಯಲ್ಲಿಲ್ಲ. ನಾಲ್ಕು ಜನರ ಎದುರು ನಿನ್ನನ್ನು ನೀವು ಎನ್ನುತ್ತೇನೆ, ಇಬ್ಬರೇ ಇದ್ದಾಗ ನೀನು ಎನ್ನುತ್ತೇನೆ. ಈ ಕಾಗದದಲ್ಲಿ ಇಬ್ಬರೇ ಇದ್ದೇವೆ ಎಂದುಕೊಂಡು ಬರೆಯುತ್ತಿದ್ದೇನೆ.

ಆ ವರ್ಷ ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ನೀನು ವಿಮಾನದ ಪುಸ್ತಕಗಳನ್ನು ಹೊತ್ತುಕೊಂಡು ಊರಿಗೆ ಬಂದೆ. ಮದುವೆ ಕಾಗದಕ್ಕಿಂತ ನುಣುಪಾದ ಹಾಳೆಗಳು. ಒಳಗೆಲ್ಲ ಮೋಡದ ಮೇಲೆ ನಿಂತಂತಿರುವ ಬಿಳೀ ವಿಮಾನಗಳು. ಮೂರು ದೇಶದ ಕಂಪನಿಗಳವು ಇದ್ದವು — ಅಮೆರಿಕದ್ದು, ಬ್ರೆಜಿಲ್‌ನದು, ಸ್ವಿಟ್ಜರ್ಲೆಂಡಿನದು. ಬ್ರೆಜಿಲ್‌ನದನ್ನು ನೀನು ಎರಡನೆಯ ವಾರದಲ್ಲೇ ಪಕ್ಕಕ್ಕಿಟ್ಟೆ, ಯಾಕೆ ಎಂಬುದು ಈಗ ಮರೆತಿದೆ. ಉಳಿದದ್ದು ಎರಡು.

ನಿಮ್ಮ ಮನೆಯ ಜಗಲಿ ನೆನಪಿದೆಯಲ್ಲ — ಒಂದು ಕಡೆ ನೀನು ಪುಸ್ತಕ ಹರಡಿಕೊಂಡು, ಇನ್ನೊಂದು ಕಡೆ ಸಾಕಕ್ಕ ಕಡ್ಡಿಗೆ ಸೊಪ್ಪು ಕಟ್ಟುತ್ತಾ. ಸಾಕಕ್ಕ ನಿನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ನಿಮ್ಮವ್ವ ತೀರಿಕೊಂಡ ಮೇಲೆ ನಿನ್ನನ್ನು ಸಾಕಿದವಳು. ಇವತ್ತಿಗೂ ಸೊಪ್ಪು ಬೇಯುವ ಬ್ಯಾರನ್ನಿನ ಬೆಂಕಿಯಿಂದ ಹಿಡಿದು ಪಂಚಾಯಿತಿ ಮೆಂಬರುಗಳವರೆಗೆ ಯಾರನ್ನೂ ಗದರಿಸದೆ ಬಿಡುವವಳಲ್ಲ. ನೀನು ಓದಿ ಹೇಳುತ್ತಿದ್ದೆ, ಅವಳು ಸೊಪ್ಪಿನ ಅಂಟು ಹತ್ತಿದ ಕಪ್ಪು ಕೈಯಲ್ಲಿ ಕಟ್ಟುತ್ತಾ ಅಡ್ಡ ಮಾತು ಹಾಕುತ್ತಿದ್ದಳು.

"ಇದು ಅಮೆರಿಕದ್ದು ಕಣಕ್ಕ. ಎಲ್ಡು ಎಂಜಿನ್ನು. ಬೆಂಗ್ಳೂರಿಂದ ಡೆಲ್ಲಿಗೆ ಒಂದೇ ಉಸ್ರಿಗೆ ವೋಯ್ತದೆ. ಇದು ಸ್ವಿಟ್ಜರ್ಲೆಂಡಿಂದು, ಒಂದೇ ಎಂಜಿನ್ನು, ಮೂತಿ ಮ್ಯಾಲೆ ಫ್ಯಾನು. ಸ್ಪೀಡು ಕಮ್ಮಿ. ಆದ್ರೆ ಹೊಲದ್ ಮಣ್ಣಲ್ಲೂ ಇಳೀತದೆ."

"ಜೋಡೆತ್ತಿನ ಗಾಡಿ, ಒಂಟೆತ್ತಿನ ಗಾಡಿ ಅನ್ನು."

"ಅಂಗೇ ಅನ್ಕೊ."

"ಒಂಟೆತ್ತು ಮುಗ್ಗರಿಸಿದ್ರೆ?"

ನೀನು ನಕ್ಕೆ. ಎಂಜಿನ್ನು ನಿಂತರೂ ಅದು ಹದ್ದಿನ ಹಾಗೆ ತೇಲಿಕೊಂಡು ಇಳಿಯುತ್ತದೆ ಎಂದು ಪುಸ್ತಕ ತೋರಿಸಿ ಹೇಳಿದೆ. ಅಕ್ಕ ಪುಸ್ತಕದ ಕಡೆ ನೋಡಲೇ ಇಲ್ಲ, ನಿನ್ನ ಮುಖ ನೋಡಿದಳು. ನನಗೆ ಆಗಲೇ ಗೊತ್ತಾಯಿತು, ಅವಳ ಮನಸ್ಸು ಫ್ಯಾನಿನ ವಿಮಾನದ ಮೇಲೆ ಕೂತಿದೆ ಎಂದು.

ಯಾಕೆ ಕೂತಿತು ಎಂಬುದು ಊರಿಗೆಲ್ಲ ಗೊತ್ತು. ಸಾಕಕ್ಕನಿಗೆ ಬಸ್ಸು ಕಾರು ಆಗದು. ಡೀಸೆಲ್ ವಾಸನೆ ಬಂದರೆ ಸಾಕು, ಗುರುಪುರ ದಾಟುವುದರೊಳಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಮಿರ್ಲೆಯಲ್ಲಿ ನಿನ್ನ ಮದುವೆಯಾದಾಗ ಅವಳು ಎರಡು ದಿನ ಮೊದಲೇ ಎತ್ತಿನ ಗಾಡಿಯಲ್ಲಿ ಹೊರಟು, ದಾರಿಯಲ್ಲಿ ಹುಣಸೂರಿನ ನೆಂಟರ ಮನೆಯಲ್ಲಿ ಮಲಗಿ ಬಂದಳಲ್ಲ. ಬೆಂಗಳೂರಿಗೆ ಎತ್ತಿನ ಗಾಡಿ ಹೋಗದು. ನೀನು ಮನೆ ಕಟ್ಟಿಸಿದೆ, ಹಾಲು ಉಕ್ಕಿಸುವ ದಿನ ಅಕ್ಕ ಇರಲಿಲ್ಲ. ತಮ್ಮನ ಒಲೆಯ ಮೇಲೆ ಅಕ್ಕ ಹಾಲು ಉಕ್ಕಿಸಬೇಕು — ನಿನ್ನ ಹೆಂಡತಿಯ ತಾಯಿ ಉಕ್ಕಿಸಿದರು. ಅದನ್ನು ಅಕ್ಕ ಯಾರ ಹತ್ತಿರವೂ ದೂರಿಲ್ಲ. ಆದರೆ ನಮ್ಮ ಮನೆಯಲ್ಲಿ ಒಮ್ಮೆ ಹಾಲು ಉಕ್ಕಿ ನನ್ನ ಹೆಂಡತಿ ಅಯ್ಯೋ ಎಂದಾಗ, ಅಕ್ಕ "ಉಕ್ಲಿ ಬುಡೇ, ಉಕ್ಕಿಸೋಕೆ ಒಲೆ ಸಿಕ್ದೋರು ಪುಣ್ಯವಂತ್ರು" ಎಂದದ್ದನ್ನು ನಾನು ಕೇಳಿದ್ದೇನೆ.

ನೀನು ಲೆಕ್ಕ ಹಾಕಿದ್ದೆ. ಕೆರೆ ಹಿಂದಿನ ನಿಮ್ಮ ಉದ್ದನೆಯ ಹೊಲ, ಪಕ್ಕದವರದನ್ನೂ ಸೇರಿಸಿದರೆ ಎಂಟುನೂರು ಮೀಟರ್. ಫ್ಯಾನಿನದಕ್ಕೆ ಅಷ್ಟು ಸಾಕು, ಗಟ್ಟಿ ಮಣ್ಣಿದ್ದರೆ ಆಯಿತು. ಜೆಟ್ಟಿಗಾದರೆ ಡಾಂಬರು ಬೇಕು, ಉದ್ದವೂ ಹೆಚ್ಚು ಬೇಕು. ಮಣ್ಣಲ್ಲಿ ಇಳಿಸಿದರೆ ಕಲ್ಲುಪುಡಿಯನ್ನು ಎಂಜಿನ್ನು ಒಳಕ್ಕೆ ಎಳೆದುಕೊಳ್ಳುತ್ತದೆ ಎಂದೆ. ಅಂದರೆ ಅದು ಊರಿಗೆ ಬರುವುದಿಲ್ಲ, ಮೈಸೂರಿಗೇ ಹೋಗಿ ಹತ್ತಬೇಕು. ಮೈಸೂರಿಗೆ ಹೋಗಲು ಕಾರು ಹತ್ತಬೇಕು. ಅಕ್ಕ ಅದೇ ಸಂಜೆ ಹೊಲದ ಈ ತುದಿಯಿಂದ ಆ ತುದಿಗೆ ನಡೆದು ಬಂದಳು. "ಇಷ್ಟುದ್ದ ಓಡುದ್ರೆ ಯಾವ್ ಹಕ್ಕಿಯಾದ್ರೂ ಯೋಳ್ತದೆ ಬುಡು" ಎಂದಳು. ಮೇಲೆ ಹೋದರೂ ವಾಂತಿ ಬರುವುದಿಲ್ಲವೇ ಎಂದು ನಾನು ಅವಳನ್ನು ಕೇಳಿದ್ದಕ್ಕೆ, "ರಸ್ತೆ ತಿರುಗೋದ್ಕೆ ಕಣ್ಲಾ ವಾಂತಿ. ಮ್ಯಾಲೆ ಎಲ್ಲವೆ ತಿರುವು?" ಎಂದಳು. ಅದು ನಿಜವೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ.

ಆದರೆ ನಿನ್ನ ತಲೆ ಜೆಟ್ಟಿನ ಕಡೆ ಎಳೆಯುತ್ತಿತ್ತು. ನಿನ್ನ ಜೊತೆ ವ್ಯವಹಾರ ಮಾಡುವವರೆಲ್ಲ ಜೆಟ್ಟಿನಲ್ಲಿ ಬರುವವರು. ಸರ್ವಿಸ್ ಸೆಂಟರ್ ಎಲ್ಲಿದೆ, ಪೈಲಟ್ ಎಷ್ಟು ಜನ ಬೇಕು, ಗಂಟೆಗೆ ಎಷ್ಟು ಎಣ್ಣೆ ಕುಡಿಯುತ್ತದೆ, ಒಳಗೆ ನಿಂತರೆ ತಲೆ ತಾಗುತ್ತದೆಯೇ, ಮುಂದೆ ಮಾರಿದರೆ ಏನು ಸಿಗುತ್ತದೆ — ಒಂದು ಹಾಳೆಯಲ್ಲಿ ಅಮೆರಿಕ ಗೆದ್ದರೆ ಇನ್ನೊಂದರಲ್ಲಿ ಸ್ವಿಟ್ಜರ್ಲೆಂಡ್. "ಟ್ರಾಕ್ಟರ್ ತಗಳೋವಾಗ ಪಾರ್ಟು ಹುಣಸೂರಲ್ಲಿ ಸಿಗ್ತದಾ ಅಂತ ಒಂದೇ ಮಾತು ಕೇಳಿ ತಗಂಡ್ಬುಟ್ಟೆ ಕಣ್ಲಾ. ಇದ್ರಲ್ಲಿ ಕೇಳ್ದಷ್ಟೂ ತಲೆ ಕೆಡ್ತದೆ" ಎಂದೆ ನೀನು. ನಾನು ಎಲ್ಲ ಅರ್ಥವಾದವನಂತೆ ತಲೆ ಆಡಿಸಿದೆ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಏನು ಅರ್ಥವಾಗಬೇಕು!

ಈಗ ಇನ್ನೊಂದು ಸಂಜೆಯ ಮಾತಿಗೆ ಬರಬೇಕು. ಬರೆಯಲು ನಾಚಿಕೆಯಾಗುತ್ತದೆ, ಅಷ್ಟು ಚಿಕ್ಕ ಮಾತು.

ಜಗಲಿಯಲ್ಲಿ ಏಳೆಂಟು ಜನ ಇದ್ದರು. ಫ್ಯಾನಿನ ವಿಮಾನ ಕೊಂಡರೆ ವಾರಕ್ಕೊಮ್ಮೆ ಊರಿಗೇ ಬಂದು ಇಳಿಯುತ್ತೇನೆ ಎಂದು ನೀನು ಹೇಳುತ್ತಿದ್ದೆ. ಗಾಳಿ ಯಾವ ಕಡೆಗಿದೆ ಎಂದು ತಿಳಿಯಲು ಹೊಲದ ತುದಿಯಲ್ಲಿ ಒಂದು ಬಟ್ಟೆಯ ಚೀಲ ಕಟ್ಟಬೇಕು ಎಂದೆ. "ಟಿಬೆಟ್‌ನೋರ್ ಕ್ಯಾಂಪಿನ್ ಬಾವುಟದಂಗಾ?" ಎಂದು ಯಾರೋ ಕೇಳಿದರು. ನೀನು ನನ್ನ ಹೆಗಲಿಗೆ ಕೈ ಹಾಕಿದೆ.

"ನಿಂಗ ಇಲ್ಲೇ ಇರ್ತಾನಲ್ಲ, ಇನ್ನೇನು! ಲೇ ನಿಂಗ, ನಾನು ಬರೋದ್ರೊಳ್ಗೆ ದನ ಗಿನ ಓಡ್ಸಿ, ಆ ಚೀಲ ಕಟ್ಕೊಂಡ್ ನಿಂತಿರ್ಬೇಕು ಕಣ್ಲಾ. ಸಂಬ್ಳ ಕೊಡ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ನೀನು ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ನಿನ್ನ ಕೈಯ ಬಿಸಿ ಹೆಗಲ ಮೇಲಿತ್ತು. ಆದರೆ ಮನೆಗೆ ಬಂದು ಉಣ್ಣಲು ಕೂತರೆ ಕಣ್ಣ ಮುಂದೆ ಅದೇ ಚಿತ್ರ. ಪ್ರತಿ ವಾರ ನೀನು ಆಕಾಶದಿಂದ ಇಳಿಯುವುದು, ನಾನು ಕೆಳಗೆ ದನ ಓಡಿಸುತ್ತಾ ನಿಂತಿರುವುದು, ಊರು ಅದನ್ನು ನೋಡುವುದು. ನೀನು ದೂರದಲ್ಲಿ ದೊಡ್ಡವನಾಗಿದ್ದರೆ ನನಗೆ ಹೆಮ್ಮೆ. ಕಣ್ಣೆದುರಿಗೇ ಬಂದು ಇಳಿದರೆ — ಹೊಟ್ಟೆಕಿಚ್ಚು ಎಂದು ಒಂದೇ ಮಾತಲ್ಲಿ ಬರೆದುಬಿಡಬಹುದು. ಬರೆದಿದ್ದೇನೆ. ಆದರೂ ಅದೊಂದೇ ಅಲ್ಲ ಎನ್ನಿಸುತ್ತದೆ.

ಮುಂದಿನ ಶುಕ್ರವಾರ ಬೆಳಿಗ್ಗೆ ನೀನು ಸ್ನಾನ ಮಾಡಿ, ಪಂಚೆ ಉಟ್ಟು ಗುಡಿಗೆ ಬಂದೆ. ಜೊತೆಗೆ ಮಡಿಸೀರೆಯುಟ್ಟ ಸಾಕಕ್ಕ. "ಅಮ್ಮನ್ ಕೇಳ್ಬುಡನ ಕಣ್ಲಾ. ಬಲಗಡೆ ಹೂ ಬಿದ್ರೆ ಜೆಟ್ಟು, ಎಡಗಡೆ ಬಿದ್ರೆ ಫ್ಯಾನಿಂದು" ಎಂದೆ ನೀನು.

ನಾನು ಬೇಡ ಎಂದೆ, ನೆನಪಿದೆಯಾ? ಅದೊಂದನ್ನು ಮಾತ್ರ ನಾನು ಸರಿಯಾಗಿ ಮಾಡಿದೆ. "ಇಂಗೆ ಅದೋ ಇದೋ ಅಂತ ಕೇಳೋ ಪದ್ಧತಿ ಇಲ್ಲ ಚಲುವ. ಆಯ್ತದಾ ಆಗಕಿಲ್ವಾ ಅಂತ ಕೇಳ್ಬೇಕು. ಬಲಕ್ಕೆ ಬಿದ್ರೆ ಆಯ್ತದೆ, ಎಡಕ್ಕೆ ಬಿದ್ರೆ ಇಲ್ಲ. ಮದ್ವೆ, ಬೋರ್ವೆಲ್ಲು, ಎಲ್ಲಾ ಅಂಗೇ ಕೇಳಿರೋದು."

"ಕನ್ಸಲ್ಟೆಂಟು ಇನ್ನೂರು ಪುಟ ಬರ್ದವ್ನೆ, ಕೊನೇಲಿ ಎಲ್ಡೂ ಚೆನ್ನಾಗವೆ ಅಂತಾನೆ. ಅಮ್ಮ ಅಂಗನ್ನಕಿಲ್ಲ" ಎಂದೆ ನೀನು. ಆಮೇಲೆ ನಕ್ಕೆ: "ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅನ್ನಂಗ್ ಮಾಡ್ಬ್ಯಾಡ, ಇಡು ಹೂವ."

ನಾನು ಎರಡು ಬಿಳೀ ಕಣಗಿಲೆ ತಂದೆ. ನಮ್ಮಪ್ಪ ಹೂ ಇಡುವುದನ್ನು ಕಲಿಸುವಾಗ ಒಂದೇ ಒಂದು ಕಟ್ಟಳೆ ಹೇಳಿದ್ದ — ನೀರು ಮಾತ್ರ ತಾಗಬೇಕು, ಗಂಧ ತಾಗಬಾರದು. ಯಾಕೆ ಎಂದು ಕೇಳಿದ್ದೆ. "ಗಂಧ ತಾಗಿದ್ರೆ ಅದು ನಿನ್ ಮಾತು" ಎಂದಿದ್ದ. ಮೂವತ್ತು ವರ್ಷ ನನ್ನ ಕೈ ತಪ್ಪಿರಲಿಲ್ಲ. ಅವತ್ತು ಅಮ್ಮನ ಹಣೆಗೆ ಗಂಧ ಇಟ್ಟ ಬೆರಳನ್ನು ನಾನು ತೊಳೆದುಕೊಳ್ಳಲಿಲ್ಲ. ಮರೆತೆನೋ, ಬೇಕೆಂದು ಬಿಟ್ಟೆನೋ — ಮೊದಮೊದಲು ಮರೆತೆ ಎಂದೇ ನನಗೆ ನಾನು ಹೇಳಿಕೊಂಡೆ. ಸುಳ್ಳು. ಎಡಗಡೆಯ ಹೂವನ್ನು ಇಡುವಾಗ ಬೆರಳು ಹೆಚ್ಚು ಹೊತ್ತು ಅಲ್ಲೇ ನಿಂತಿತು. ಅದು ನನಗೆ ಗೊತ್ತಿತ್ತು.

ಬಲಗಡೆಯದು ಬಿತ್ತು. ನೀನು ಕಣ್ಣು ಬಿಟ್ಟೆ. ನಿನ್ನ ಮುಖದಲ್ಲಿ ಒಂದು ನಿರಾಳ ಕಂಡಿತು — ಅಥವಾ ಕಂಡಿತೆಂದು ನಾನು ಅಂದುಕೊಂಡೆ. ಅದನ್ನೇ ಹಿಡಿದುಕೊಂಡು ಎಷ್ಟೋ ದಿನ ಸಮಾಧಾನ ಮಾಡಿಕೊಂಡಿದ್ದೇನೆ: ಚಲುವನಿಗೂ ಜೆಟ್ಟೇ ಬೇಕಿತ್ತು, ನಾನು ಅವನ ಮನಸ್ಸಿನಲ್ಲಿದ್ದದ್ದನ್ನೇ ಮಾಡಿದೆ. ಹಾಗೆ ಅಂದುಕೊಂಡಾಗಲೆಲ್ಲ ಇನ್ನೊಂದು ಮುಖ ಎದುರು ಬರುತ್ತದೆ. ಸಾಕಕ್ಕ ಬಿದ್ದ ಹೂವನ್ನು ನೋಡಲಿಲ್ಲ. ಬೀಳದ ಹೂವನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಸರಿ ಬುಡು. ಅಮ್ಮಂಗೆ ಇಷ್ಟ ಇಲ್ಲ" ಎಂದಳು. ಬಿದ್ದ ಹೂವಿನಲ್ಲಿ, ಜೆಟ್ಟು ಅಮ್ಮನಿಗೆ ಇಷ್ಟ ಎಂದು ನಿನಗೆ ಕೇಳಿಸಿತು. ಬೀಳದ ಹೂವಿನಲ್ಲಿ, ತಾನು ಊರು ಬಿಟ್ಟು ಹೋಗುವುದು ಅಮ್ಮನಿಗೆ ಇಷ್ಟವಿಲ್ಲ ಎಂದು ಅಕ್ಕನಿಗೆ ಕೇಳಿಸಿತು.

ಜೆಟ್ಟು ಬಂತು. ಪೂಜೆಗೆ ನನ್ನನ್ನೇ ಮೈಸೂರಿನ ವಿಮಾನ ನಿಲ್ದಾಣಕ್ಕೆ ಕರೆಸಿದೆ. ಗಾಲಿಗೆ ನಿಂಬೆಹಣ್ಣು ಇಟ್ಟೆ, ಮೂತಿಗೆ ಕುಂಕುಮ ಹಚ್ಚಿದೆ. ಅಲ್ಲಿ ತೆಂಗಿನಕಾಯಿ ಒಡೆಯಬಾರದು, ಒಂದು ಚೂರು ಚಿಪ್ಪು ಬಿದ್ದಿದ್ದರೂ ಎಂಜಿನ್ನಿಗೆ ಹೋಗುತ್ತದೆ ಎಂದು ಸಮವಸ್ತ್ರದವರು ಹೇಳಿದ್ದರಿಂದ ಗೇಟಿನಾಚೆ ಒಡೆದು ತಂದೆವು. "ಇದು ನಾನ್ ಆರಿಸಿದ್ದಲ್ಲ, ನಮ್ಮೂರ ಅಮ್ಮ ಆರಿಸಿದ್ದು" ಎಂದು ನೀನು ಬಂದವರಿಗೆಲ್ಲ ಹೇಳುತ್ತಿದ್ದೆ. ನನ್ನನ್ನೂ ಕೂರಿಸಿಕೊಂಡು ಒಂದು ಸುತ್ತು ಹಾರಿಸಿದೆ. ಆ ಚರ್ಮದ ಕುರ್ಚಿ, ಕೈಗೆ ಕೊಟ್ಟ ಬಿಸಿ ಟವೆಲ್ಲು, ಕೆಳಗೆ ಅಂಗೈಯಷ್ಟು ಕಾಣುವ ಕೆರೆಗಳು. ಹೇಳುತ್ತೇನೆ ಕೇಳು, ನನಗೆ ಅವತ್ತು ಸಂತೋಷವಾಯಿತು. ಪಾಪಪ್ರಜ್ಞೆ ಗೀಪಪ್ರಜ್ಞೆ ಏನೂ ಇರಲಿಲ್ಲ. ವಿಮಾನ ಚೆನ್ನಾಗಿದೆ, ಚಲುವ ಚೆನ್ನಾಗಿದ್ದಾನೆ, ಯಾರಿಗೆ ಏನು ಕೆಟ್ಟದಾಯಿತು ಎಂದುಕೊಂಡೆ.

ಆ ಪೂಜೆಗೆ ಅಕ್ಕನೂ ಹೊರಟಿದ್ದಳು. ನೀನು ಕಳಿಸಿದ ಕಾರಿನಲ್ಲಿ ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡು ಕೂತಳು. ಹುಣಸೂರು ಮುಟ್ಟುವ ಮೊದಲೇ ಇಳಿದು ರಸ್ತೆ ಬದಿಯಲ್ಲಿ ಕೂತುಬಿಟ್ಟಳು. "ನೀವ್ ವೋಗಿ, ಒತ್ತಾಯ್ತದೆ" ಎಂದು ನಮ್ಮನ್ನು ಕಳಿಸಿ, ಊರಿಗೆ ನಡೆದುಕೊಂಡೇ ವಾಪಸು ಹೋದಳು.

ಅದಾದ ಮುಂದಿನ ಶುಕ್ರವಾರ ಅವಳು ಗುಡಿಗೆ ಬಂದು ಅರಿಶಿನ ಬಟ್ಟೆಯ ಒಂದು ಸಣ್ಣ ಗಂಟನ್ನು ನನ್ನ ಕೈಗೆ ಕೊಟ್ಟಳು. ತಪ್ಪುಕಾಣಿಕೆ. ಏನು ತಪ್ಪು ಎಂದು ನಾನು ಕೇಳಲಿಲ್ಲ, ಪೂಜಾರಿ ಕೇಳಬಾರದು. ಅದರ ಮುಂದಿನ ಶುಕ್ರವಾರವೂ ಒಂದು ಗಂಟು. ನಾಲ್ಕೋ ಐದೋ ವಾರವಾದ ಮೇಲೆ, ನಾನು ಕೇಳದಿದ್ದರೂ ಅವಳೇ ಹೇಳಿದಳು.

ಇದು ಅವಳ ಗುಟ್ಟು. ಬರೆಯಲು ಅವಳ ಅಪ್ಪಣೆ ಇದೆ. ನೀನು ಎಸ್ಸೆಸ್ಸೆಲ್ಸಿ ಓದುವಾಗ ಮೈಮೇಲೆಲ್ಲ ಅಮ್ಮನ ಗುಳ್ಳೆ ಎದ್ದು ಜ್ವರದಲ್ಲಿ ಬಡಬಡಿಸುತ್ತಿದ್ದೆಯಲ್ಲ, ಆಗ ಅಕ್ಕ ಅಮ್ಮನಿಗೆ ಒಂದು ಆಡಿನ ಮರಿಯನ್ನು ಹರಕೆ ಹೊತ್ತಿದ್ದಳು. ನೀನು ಎದ್ದೆ. ಪರೀಕ್ಷೆಯೂ ಬಂತು. ಫೀಸಿಗೆ, ಹುಣಸೂರಿನಲ್ಲಿ ನೀನು ಉಳಿದುಕೊಳ್ಳುವುದಕ್ಕೆ ಬೇರೆ ದಾರಿ ಇರಲಿಲ್ಲ. ಅಮ್ಮನಿಗೆ ಬಿಟ್ಟಿದ್ದ ಮರಿಯನ್ನು ಅವಳು ಸಂತೆಯಲ್ಲಿ ಮಾರಿದಳು. ಊರಿನವರಿಗೆ ಮಾತ್ರ, ಅದನ್ನು ನಾಯಿ ಕಚ್ಚಿಕೊಂಡು ಹೋಯಿತು ಎಂದಳು.

"ಅದ್ಕೇ ಕಣ್ಲಾ ನಿಂಗ ಅಮ್ಮ ನನ್ನ ತಡುದ್ಲು. ಇಷ್ಟ್ ವರ್ಸ ಸುಮ್ಕಿದ್ದು, ನಾನು ವೊರಡ್ತೀನಿ ಅಂದಾಗ ಹೂ ಬೀಳ್ದಂಗೆ ಇಡ್ಕೊಂಡ್ಲು. ಅವನ್ ಮನೇಲಿ ಹಾಲುಕ್ಕಿಸೋ ಯೋಗ್ಯತೆ ನಂಗಿಲ್ಲ ಅಂತ ತೋರಿಸ್ಬುಟ್ಲು" ಎಂದಳು.

ಆಗ ನಾನು ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಏನು ಹೇಳಿದೆ ಗೊತ್ತಾ? "ಅಮ್ಮ ದೊಡ್ಡೋಳು, ಕ್ಷಮಿಸ್ತಾಳೆ ಬುಡಕ್ಕ" ಎಂದೆ. ಅವಳ ಹಣೆಗೆ ಕುಂಕುಮ ಇಟ್ಟು ಕಳಿಸಿದೆ. ಚಲುವ, ಹೂವಿಗೆ ಗಂಧ ಹಚ್ಚಿದ್ದಕ್ಕಿಂತ ಅದೇ ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತಿದೆ. ಹೂವಿನದು ಒಂದು ಗಳಿಗೆಯ ಮಾತು. ಇದು ಎರಡು ವರ್ಷಕ್ಕೂ ಹೆಚ್ಚಿನ ಶುಕ್ರವಾರಗಳು. ನಾನು ಕೊಡಬೇಕಾದ ತಪ್ಪುಕಾಣಿಕೆಯನ್ನು ಅವಳು ಕೊಡುತ್ತಿದ್ದಳು, ನಾನು ಕೈ ಒಡ್ಡಿ ತೆಗೆದುಕೊಳ್ಳುತ್ತಿದ್ದೆ.

ಅಷ್ಟೇ ಅಲ್ಲ, ಅವಳು ಟೀ ಬಿಟ್ಟಳು. ನಿನಗೆ ಗೊತ್ತಲ್ಲ ಅಕ್ಕನ ಟೀ. ಬೆಳಿಗ್ಗೆ ಏಳುತ್ತಲೇ ಒಂದು ಚೊಂಬು, ಬ್ಯಾರನ್ ಮುಂದೆ ಒಂದು ಲೋಟ, ಯಾರು ಬಂದರೂ ಅವರ ಹೆಸರಲ್ಲಿ ತನಗೊಂದು. ಅಮ್ಮ ಒಪ್ಪುವವರೆಗೆ ಮುಟ್ಟುವುದಿಲ್ಲ ಎಂದು ಬಿಟ್ಟಳು. ಹಾಲು ಸೊಸೈಟಿಗೆ ಹೋಗುತ್ತದೆ, ಅವಳು ಬಿಸಿನೀರು ಕುಡಿಯುತ್ತಾಳೆ. ನೀನು ಫೋನಿನಲ್ಲಿ ಕೇಳಿದರೆ "ಗ್ಯಾಸ್ಟ್ರಿಕ್ಕು ಕಣಪ್ಪ" ಎನ್ನುತ್ತಾಳೆ. ನ್ಯಾಯ ಪಂಚಾಯಿತಿಗೂ ಮೊದಲಿನ ಹಾಗೆ ಬಾಯಿ ಹಾಕುವುದಿಲ್ಲ. ಊರಿನವರು ಅಕ್ಕನಿಗೆ ವಯಸ್ಸಾಯಿತು ಎನ್ನುತ್ತಾರೆ. ವಯಸ್ಸಲ್ಲ ಎಂದು ನನಗೊಬ್ಬನಿಗೆ ಗೊತ್ತಿತ್ತು.

ಹೋದ ಶುಕ್ರವಾರ ಅವಳು ಗಂಟು ತರಲಿಲ್ಲ. ಎರಡು ಕಣಗಿಲೆ ಹೂ ತಂದಿದ್ದಳು.

"ಇಡು ನಿಂಗ. ಅಮ್ಮ ನನ್ ತಪ್ ಮನ್ನಿಸವ್ಳಾ ಇಲ್ವಾ, ಕೇಳ್ಬುಡ್ತೀನಿ" ಎಂದಳು.

ಹಿತ್ತಿಲಿಗೆ ಹೋಗಿ ಬೆರಳುಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದೆ. ಎರಡೂ ಹೂವಿಗೆ ನೀರು ಮಾತ್ರ ತಾಗಿಸಿ ಇಟ್ಟೆ. ಅವಳು ಕೈ ಮುಗಿದು ನಿಂತಳು. ಬಲಗಡೆಯದು ಬೀಳಲಿಲ್ಲ. ಎಡಗಡೆಯದೂ ಬೀಳಲಿಲ್ಲ. ಹಿಂದಿನ ದಿನವೆಲ್ಲ ಜಡಿಮಳೆ, ಕಲ್ಲು ಬೆವತು ಹಸಿಯಾಗಿತ್ತು. ಹೂಗಳು ಅಂಟಿಕೊಂಡೇ ಇದ್ದವು. ಬೇರೆ ಭಕ್ತರು ಬಂದರು, ಹೋದರು. ಬಿಸಿಲು ಹೊಸ್ತಿಲು ದಾಟಿತು. ಅಕ್ಕ ಕೂರಲಿಲ್ಲ.

ನನಗೆ ಏನೆನ್ನಿಸಿತು ಎಂದು ಮುಚ್ಚಿಡದೆ ಹೇಳಬೇಕು. ಆರತಿ ತಟ್ಟೆ ಎತ್ತುವ ನೆಪದಲ್ಲಿ ಮೊಣಕೈ ಒಂದು ಸಲ ತಾಗಿಸಿದರೆ ಬಲಗಡೆಯ ಹೂ ಬೀಳುತ್ತದೆ. ಅಮ್ಮ ಮನ್ನಿಸಿದಳು ಎಂದು ಅಕ್ಕ ಮನೆಗೆ ಹೋಗಿ ಟೀ ಕಾಯಿಸುತ್ತಾಳೆ. ಕೆಟ್ಟ ಸುಳ್ಳನ್ನು ಒಳ್ಳೆಯ ಸುಳ್ಳಿನಿಂದ ತೊಳೆದಂತಾಗುತ್ತದೆ. ತಟ್ಟೆ ಎತ್ತಿಯೂ ಬಿಟ್ಟೆ. ಮೊಣಕೈ ಮುಂದಕ್ಕೆ ಹೋಯಿತು — ಅಲ್ಲೇ ನಿಂತಿತು. ತಾಗಿಸದೇ ಇದ್ದದ್ದು ಸರಿಯೋ ತಪ್ಪೋ, ಅದೂ ನನಗೆ ತಿಳಿಯದು. ತಟ್ಟೆ ಕೆಳಗಿಟ್ಟು ಅವಳ ಕಾಲ ಹತ್ತಿರ ಕೂತು ಎಲ್ಲ ಹೇಳಿಬಿಟ್ಟೆ. ಗಂಧದ್ದು, ಗಾಳಿಚೀಲದ್ದು, ದನ ಓಡಿಸುವ ಮಾತಿನದು.

ಅವಳು ಬೈಯುತ್ತಾಳೆ ಎಂದುಕೊಂಡೆ. ಪೊರಕೆ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ. ತೆಗೆದುಕೊಂಡಿದ್ದರೆ ನನಗೂ ಹಗುರವಾಗುತ್ತಿತ್ತು. ಅವಳು ಕೇಳಿದಳು:

"ಅಂಗಾರೆ ಅವತ್ತು ಅಮ್ಮ ಏನಂದ್ಲು?"

"ಗೊತ್ತಿಲ್ಲಕ್ಕ."

"ಇವತ್ತು?"

"ಗೊತ್ತಿಲ್ಲಕ್ಕ."

"ಅಂಗಾರೆ ನಿಂಗೇನ್ಲಾ ಗೊತ್ತು?"

ಗಂಧ ಇಲ್ಲದಿದ್ದರೆ ಅವತ್ತು ಯಾವ ಹೂ ಬೀಳುತ್ತಿತ್ತೋ. ಫ್ಯಾನಿನದನ್ನೇ ಕೊಂಡಿದ್ದರೂ ಹೊಲದಲ್ಲಿ ಇಳಿಸಲು ಸರ್ಕಾರದವರು ಒಪ್ಪುತ್ತಿದ್ದರೋ ಇಲ್ಲವೋ. ಮೇಲೆ ಹೋದ ಮೇಲೆ ಅಕ್ಕನಿಗೆ ವಾಂತಿ ಬರುತ್ತಿತ್ತೋ ಏನೋ. ಬಲಗಡೆಯ ಹೂವೇ ಬೀಳುವುದಿತ್ತೇನೋ, ನನ್ನ ಗಂಧದಿಂದ ಏನೂ ಬದಲಾಗಿರಲಿಲ್ಲವೇನೋ. ಇದನ್ನೆಲ್ಲ ನೆಪವೆಂದು ಬರೆಯುತ್ತಿಲ್ಲ. ತಿಳಿದುಕೊಳ್ಳುವ ದಾರಿಯನ್ನೇ ನಾನು ಮುಚ್ಚಿಬಿಟ್ಟೆ ಎಂದು ಬರೆಯುತ್ತಿದ್ದೇನೆ. ಅಕ್ಕನಿಗೆ ಅಮ್ಮ ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಆ ನಡುವೆ ನಿಂತವನು ನಾನು.

ಅವಳು ಕೊಟ್ಟ ಗಂಟುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಗೇ ಇಟ್ಟಿದ್ದೆ. ಒಂದನ್ನೂ ಬಿಚ್ಚಿರಲಿಲ್ಲ. ತಂದು ಅವಳ ಮುಂದೆ ಇಟ್ಟೆ. ಅವಳು ಡಬ್ಬಿಯನ್ನು ಅಮ್ಮನ ಕಡೆಗೆ ತಳ್ಳಿದಳು.

"ಇವು ಅಮ್ಮಂವು. ಮರಿ ಮಾರಿದ್ದು ದಿಟ ತಾನೆ? ನಂದು ನಾನ್ ಕಟ್ಟಿವ್ನಿ. ನಿಂದು ನೀನ್ ಕಟ್ಟು."

ಹೊಸ್ತಿಲು ದಾಟಿದವಳು ತಿರುಗಿ ನಿಂತು ಇನ್ನೊಂದು ಮಾತು ಹೇಳಿದಳು. "ಚಲುವುಂಗೆ ನೀನೇ ಬರಿ. ಫೋನಲ್ಲಿ ಬ್ಯಾಡ, ಫೋನಲ್ಲಿ ನೀನು ನಗಾಡ್ಕೊಂಡು ಅರ್ಧ ಯೋಳ್ತೀಯ. ನನ್ ಮರಿದೂ ಬರಿ. ಅವ್ನು ಪೂರ್ತಿ ಓದುದ್ ಮ್ಯಾಲೆ ನಾನು ಟೀ ಕುಡೀತೀನಿ, ಅಲ್ಲೀಗಂಟ ಇಲ್ಲ."

ಮಾರನೆಯ ದಿನ ಬೆಳಿಗ್ಗೆ ಗುಡಿಯ ಬಾಗಿಲು ತೆಗೆದಾಗ ಎರಡೂ ಹೂ ನೆಲದ ಮೇಲೆ ಬಿದ್ದಿದ್ದವು. ಯಾವುದು ಮೊದಲು ಬಿತ್ತೋ. ಎತ್ತಿ ಬಾವಿಕಟ್ಟೆಯ ಗಿಡಕ್ಕೆ ಹಾಕಿದೆ. ಒಂದು ಅರಿಶಿನ ಬಟ್ಟೆ ಹರಿದು ನನ್ನ ಗಂಟು ಕಟ್ಟಿ ಅಮ್ಮನ ಮುಂದಿಟ್ಟೆ. ಗುಡಿಯ ಬೀಗದ ಕೈಯನ್ನು ಚಿಕ್ಕಪ್ಪನ ಮಗನಿಗೆ ಕೊಟ್ಟಿದ್ದೇನೆ. ಅವನು ಕಾರಣ ಕೇಳಿದ್ದಕ್ಕೆ ಹೇಳಿದೆ. ಇನ್ನು ನಾನು ಹೂ ಇಡುವುದಿಲ್ಲ. ಊರಿನಲ್ಲಿ ಗೊತ್ತಾಗಲಿ, ಆಗುತ್ತದೆ.

ನೀನು ನನ್ನನ್ನು ಏನು ಮಾಡುತ್ತೀಯೋ ಮಾಡು. ಮಾತು ಬಿಟ್ಟರೂ ಸರಿ, ನನಗೆ ಫೋನ್ ಮಾಡಬೇಕಾಗಿಲ್ಲ. ಆದರೆ ಇಲ್ಲಿಯವರೆಗೆ ಓದಿದ್ದರೆ, ಓದಿದೆ ಅಂತ ಅಕ್ಕನಿಗೆ ಒಂದು ಮಾತು ಹೇಳು. ಹಾಲನ್ನು ಸೊಸೈಟಿಗೆ ಕೊಡದೆ ತೆಗೆದಿಟ್ಟುಕೊಂಡು ಕಾಯುತ್ತಿದ್ದಾಳೆ.